ಉಸಿರಿಗೆ ಜಾಗ ಎಲ್ಲಿ: ಜಾಝ್‌ನಲ್ಲಿ ಟ್ಯೂಬಾ ನಡೆದ ದಾರಿ

ಡಬಲ್ ಬಾಸ್ ನುಡಿಸುವವರು ರಾತ್ರಿಯಿಡೀ ತಂತಿ ಮೀಟಿದರೂ ಉಸಿರಿಗಾಗಿ ನುಡಿಸಾಣಿಕೆಯನ್ನು ನಿಲ್ಲಿಸಬೇಕಾಗಿಲ್ಲ. ಮಂದ್ರಸ್ಥಾಯಿಯ ದೊಡ್ಡ ಹಿತ್ತಾಳೆ ಊದುವಾದ್ಯವಾದ ಟ್ಯೂಬಾ ನುಡಿಸುವವರು ಕೆಲವೇ ಸೆಕೆಂಡುಗಳಿಗೊಮ್ಮೆ ನಿಲ್ಲಿಸಲೇಬೇಕು. ಈ ವಾದ್ಯ ಜಾಝ್‌ನ ಮೊದಲ ದಿನಗಳಲ್ಲಿ ಮೆರೆದದ್ದಕ್ಕೆ, 1930ರ ಹೊತ್ತಿಗೆ ಮೂಲೆ ಸೇರಿದ್ದಕ್ಕೆ, ಮತ್ತೆ ಹೊಸ ಹೊಸ ಕೆಲಸ ಹಿಡಿದು ಮರಳಿದ್ದಕ್ಕೆ ಬರಹಗಾರರು ಹಲವು ಕಾರಣಗಳನ್ನು ಕೊಡುವುದುಂಟು. ಧ್ವನಿಮುದ್ರಣದ ತಂತ್ರ, ನೃತ್ಯದ ರುಚಿ, ಸಭಾಂಗಣದ ಗಾತ್ರ ಎಲ್ಲವೂ ಆ ಪಟ್ಟಿಯಲ್ಲಿವೆ, ಅವು ಸುಳ್ಳೂ ಅಲ್ಲ. ಆದರೆ ಒಳ್ಳೆಯ ಜಾಝ್ ಟ್ಯೂಬಾ ವಾದಕರನ್ನು ಒಬ್ಬರಾದ ಮೇಲೊಬ್ಬರಂತೆ ಕೇಳುತ್ತ ಹೋದರೆ, ಪ್ರತಿಯೊಬ್ಬರೂ ಬಿಡಿಸಲು ಹೊರಟಿರುವುದು ಒಂದೇ ತೊಡಕನ್ನು ಎಂದು ನನಗೆ ಅನ್ನಿಸುತ್ತದೆ: ತಾಳ ಕೆಡದಂತೆ ಉಸಿರು ಎಳೆದುಕೊಳ್ಳುವುದು ಎಲ್ಲಿ?

ವಾದ್ಯದ ಮೈಕಟ್ಟನ್ನು ಮೊದಲು ನೋಡಬೇಕು. ಸೇನೆಯ ಅಥವಾ ಪೊಲೀಸರ ಬ್ಯಾಂಡು ಸಾಗುವಾಗ ಒಬ್ಬ ವಾದಕನ ಮೈಯನ್ನು ಬಳಸಿಕೊಂಡು, ಅವನ ತಲೆಯ ಮೇಲೆ ಅಗಲವಾದ ಬಾಯಿ ತೆರೆದಿರುವ ಹಿತ್ತಾಳೆಯ ಕೊಳವೆಯನ್ನು ನಮ್ಮಲ್ಲಿ ಅನೇಕರು ನೋಡಿರುತ್ತಾರೆ. ಅದು ಸೂಸಾಫೋನ್, ಟ್ಯೂಬಾದ ಮೆರವಣಿಗೆಯ ರೂಪ. ಮೂಲ ಟ್ಯೂಬಾ ಹುಟ್ಟಿದ್ದು ಬರ್ಲಿನ್‌ನಲ್ಲಿ. ಪ್ರಷ್ಯಾದ ಸೇನಾ ಸಂಗೀತಗಾರ ವಿಲ್ಹೆಲ್ಮ್ ವೀಪ್ರೆಖ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ 1835ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಹಿಂದೆ ಸರ್ಪೆಂಟ್, ಒಫಿಕ್ಲೈಡ್ ಎಂಬ ವಾದ್ಯಗಳು ಮಂದ್ರದ ಕೆಲಸ ಮಾಡುತ್ತಿದ್ದವು. ಅವುಗಳ ಕೊಳವೆಯ ಮೈಯಲ್ಲಿ ರಂಧ್ರಗಳಿದ್ದುದರಿಂದ ಒಂದು ಸ್ವರ ತುಂಬಿ ಬಂದರೆ ಪಕ್ಕದ್ದು ಸೊರಗಿ ಬರುತ್ತಿತ್ತು. ಟ್ಯೂಬಾದಲ್ಲಿ ರಂಧ್ರಗಳಿಲ್ಲ. ವಾಲ್ವ್ ಒತ್ತಿದಾಗ ಗಾಳಿ ಒಂದು ಹೆಚ್ಚುವರಿ ಕೊಳವೆಯನ್ನು ಸುತ್ತಿಕೊಂಡು ಬರುತ್ತದೆ, ಒಟ್ಟು ಉದ್ದ ಬೆಳೆದು ಸ್ವರ ಇಳಿಯುತ್ತದೆ. ಕೊಳವೆಯು ಲಾಳಿಕೆಯಂತೆ ಉದ್ದಕ್ಕೂ ಅಗಲವಾಗುತ್ತ ಹೋಗುವುದರಿಂದ ನಾದ ಟ್ರಂಬೋನಿನಷ್ಟು ಚೂಪಾಗಿರದೆ ದುಂಡಾಗಿರುತ್ತದೆ.

ಟ್ಯೂಬಾಗಳಲ್ಲಿ ಮುಖ್ಯವಾಗಿ ನಾಲ್ಕು ಅಳತೆಗಳಿವೆ, ವಾಲ್ವ್ ಒತ್ತದೆ ನುಡಿಯುವ ಮೂಲಸ್ವರದಿಂದಲೇ ಅವಕ್ಕೆ ಹೆಸರು. ಬ್ಯಾಂಡುಗಳಲ್ಲಿ ಹೆಚ್ಚು ಕಾಣುವ ಬಿ-ಫ್ಲಾಟ್ ಟ್ಯೂಬಾದ ಕೊಳವೆಯನ್ನು ಬಿಡಿಸಿ ನೀಟಾಗಿ ಎಳೆದರೆ ಸುಮಾರು 18 ಅಡಿ, ಸಿ ಟ್ಯೂಬಾ 16 ಅಡಿ, ಇ-ಫ್ಲಾಟ್ 13 ಅಡಿ, ಎಫ್ 12 ಅಡಿ. ಕೊಳವೆ ಗಿಡ್ಡವಾದಷ್ಟೂ ಮೇಲಿನ ಸ್ವರಗಳು ಸಲೀಸಾಗಿ ಒದಗುತ್ತವೆ, ಕೆಳಗಿನವುಗಳ ತೂಕ ತಗ್ಗುತ್ತದೆ. ಅಮೆರಿಕದ ಬೀದಿ ಬ್ಯಾಂಡುಗಳು ಬಿ-ಫ್ಲಾಟನ್ನೂ ಅಲ್ಲಿನ ಸಿಂಫನಿ ವಾದಕರು ಸಿ ಟ್ಯೂಬಾವನ್ನೂ ನೆಚ್ಚಿಕೊಂಡರೆ, ಬ್ರಿಟನ್ನಿನ ಬ್ರಾಸ್ ಬ್ಯಾಂಡುಗಳಲ್ಲಿ ಇ-ಫ್ಲಾಟ್ ಟ್ಯೂಬಾಕ್ಕೆ ಹಳೆಯ ಮರ್ಯಾದೆಯಿದೆ.

ಇಷ್ಟು ಉದ್ದದ ಕೊಳವೆಯಲ್ಲಿ ಶ್ರುತಿಯ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 18 ಅಡಿ ಎಂದರೆ ಸುಮಾರು 5.5 ಮೀಟರ್. ಸ್ವರವನ್ನು ಅರ್ಧ ಮೆಟ್ಟಿಲು ಇಳಿಸಲು ಕೊಳವೆಯು ಶೇಕಡಾ 6ರಷ್ಟು ಬೆಳೆಯಬೇಕು, ಆದ್ದರಿಂದ ಎರಡನೆಯ ವಾಲ್ವ್ ಸುಮಾರು 33 ಸೆಂಟಿಮೀಟರ್ ಸೇರಿಸುತ್ತದೆ; ಒಂದು ಪೂರ್ಣ ಮೆಟ್ಟಿಲು ಇಳಿಸುವ ಮೊದಲನೆಯದು 67 ಸೆಂಟಿಮೀಟರ್, ಒಂದೂವರೆ ಮೆಟ್ಟಿಲು ಇಳಿಸುವ ಮೂರನೆಯದು 104 ಸೆಂಟಿಮೀಟರ್. ಒಂದನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಒತ್ತಿದರೆ 171 ಸೆಂಟಿಮೀಟರ್ ಸಿಗುತ್ತದೆ. ಆದರೆ ಮೊದಲನೆಯದನ್ನು ಒತ್ತಿದಾಗಲೇ ಕೊಳವೆ ಉದ್ದವಾಗಿಬಿಟ್ಟಿರುವುದರಿಂದ, ಅಲ್ಲಿಂದ ಮುಂದಕ್ಕೆ ಇಳಿಯಲು ಮೂರನೆಯ ವಾಲ್ವಿನ ಕೊಳವೆ ಸಾಲದೆ ಬರುತ್ತದೆ. ನಿಜವಾಗಿ ಬೇಕಾಗಿರುವುದು 184 ಸೆಂಟಿಮೀಟರ್. ಈ 13 ಸೆಂಟಿಮೀಟರ್ ಕೊರತೆಯಿಂದ ಸ್ವರ ಮೇಲಕ್ಕೆ ಸರಿದು ಕಿವಿಗೆ ಚುಚ್ಚುತ್ತದೆ, ಮೂರೂ ವಾಲ್ವ್ ಒತ್ತಿದರೆ ಕೊರತೆ 24 ಸೆಂಟಿಮೀಟರಿಗೆ ಏರುತ್ತದೆ. ಇದನ್ನು ತುಂಬಲೆಂದೇ ನಾಲ್ಕನೆಯ, ಐದನೆಯ ವಾಲ್ವುಗಳು ಬಂದವು. ಬ್ರಿಟನ್ನಿನಲ್ಲಿ ಡೇವಿಡ್ ಬ್ಲೇಕ್ಲಿ 1874ರಲ್ಲಿ ಕೊರತೆಯನ್ನು ತಾನಾಗಿಯೇ ಸರಿದೂಗಿಸುವ ಕೊಳವೆಗಳ ಏರ್ಪಾಡನ್ನು ರೂಪಿಸಿದ. ಅವು ಇಲ್ಲದ ಕಡೆ ವಾದಕರು ಎಡಗೈಯಿಂದ ಸ್ಲೈಡ್ ಎಂಬ ಜಾರುಕೊಳವೆಯನ್ನು ಎಳೆಯುತ್ತಾರೆ, ಇಲ್ಲವೇ ತುಟಿಯಿಂದಲೇ ಸ್ವರವನ್ನು ಬಗ್ಗಿಸುತ್ತಾರೆ.

ಜಾಝ್ ವಾದಕರಿಗೆ ಶ್ರುತಿಗಿಂತ ದೊಡ್ಡ ತಲೆನೋವು ಸಮಯದ್ದು. ತುಟಿಯಿಂದ ಹೊರಟ ಒತ್ತಡದ ಅಲೆ ವಾದ್ಯದ ಬಾಯಿಯವರೆಗೆ ಹೋಗಿ ಮರಳಿ ತುಟಿಗೆ ಬಂದು ತಾಗಿದಾಗಲೇ ಕೊಳವೆಯು ಆ ಸ್ವರವನ್ನು ಹಿಡಿಯತೊಡಗುತ್ತದೆ. 5.5 ಮೀಟರ್ ಕೊಳವೆಯಲ್ಲಿ ಈ ಹೋಗಿಬರುವ ಹಾದಿಗೆ ಸುಮಾರು 32 ಮಿಲಿಸೆಕೆಂಡ್ ಬೇಕು, ಸ್ವರ ನೆಲೆಗೊಳ್ಳಲು ಅಂಥ ಕೆಲವು ಸುತ್ತುಗಳು ಬೇಕು. ಬೀಬಾಪ್ ಎಂಬ ಚುರುಕಿನ ಜಾಝ್ ಶೈಲಿಯ, ನಿಮಿಷಕ್ಕೆ 240 ಎಣಿಕೆಗಳ ವೇಗದಲ್ಲಿ ಅರ್ಧ ಎಣಿಕೆಯ ಒಂದು ಸ್ವರಕ್ಕೆ ಸಿಗುವುದು 125 ಮಿಲಿಸೆಕೆಂಡ್ ಮಾತ್ರ. ಸ್ಯಾಕ್ಸೊಫೋನ್ ಹೇಳಿ ಮುಗಿಸಿದ ಮಾತನ್ನು ಟ್ಯೂಬಾ ಆಗಷ್ಟೇ ಬಾಯಿಬಿಟ್ಟು ಹೇಳಲು ಹೊರಟಿರುತ್ತದೆ. ಆದ್ದರಿಂದ ನುರಿತ ವಾದಕರು ಎಣಿಕೆಗೆ ಕೂದಲೆಳೆಯಷ್ಟು ಮೊದಲೇ ಊದಲು ತೊಡಗುತ್ತಾರೆ. ಮೌತ್‌ಪೀಸಿನ ಒಳ ಅಗಲ 32 ಮಿಲಿಮೀಟರಿನ ಆಸುಪಾಸಿನಲ್ಲಿರುವುದರಿಂದ ತುಟಿಗಳು ಅಗಲವಾಗಿ ತೆರೆದುಕೊಳ್ಳಬೇಕಾಗುತ್ತದೆ, ಕೆಳಗಿನ ಸ್ವರವನ್ನು ಗಟ್ಟಿಯಾಗಿ ಹಿಡಿದರೆ ಎದೆಯ ಗಾಳಿ ಕ್ಷಣಗಳಲ್ಲಿ ಖಾಲಿಯಾಗುತ್ತದೆ.

ಈಗ ಜಾಝ್‌ನ ತವರಾದ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಬರೋಣ. ಬೀದಿಯಲ್ಲಿ ನಡೆಯುತ್ತ ನುಡಿಸುವ ಬ್ರಾಸ್ ಬ್ಯಾಂಡಿನಲ್ಲಿ ಡಬಲ್ ಬಾಸ್ ಹೊರುವುದು ಆಗದ ಮಾತು, ಅಲ್ಲಿ ಮಂದ್ರವೆಂದರೆ ಟ್ಯೂಬಾವೇ. ಮೈಗೆ ಸುತ್ತಿಕೊಳ್ಳುವ ಹೆಲಿಕಾನ್ ಎಂಬ ವಾದ್ಯ ಯುರೋಪಿನಲ್ಲಿ 19ನೆಯ ಶತಮಾನದ ನಡುವಿನಿಂದಲೇ ಬಳಕೆಯಲ್ಲಿತ್ತು. ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾನ ಹೆಸರು ಹೊತ್ತ ರೂಪವನ್ನು ಜೆ. ಡಬ್ಲ್ಯೂ. ಪೆಪ್ಪರ್ 1893ರಲ್ಲಿ, ಕಾನ್ ಕಂಪನಿ 1898ರಲ್ಲಿ ಮಾಡಿದವು. ಮೊದಲಿನ ಸೂಸಾಫೋನುಗಳ ಬಾಯಿ ಆಕಾಶ ನೋಡುತ್ತಿತ್ತು, ಆದ್ದರಿಂದ ಅವಕ್ಕೆ ಮಳೆನೀರು ಹಿಡಿಯುವವು ಎಂಬ ಅಡ್ಡಹೆಸರು ಬಿತ್ತು. ಬಾಯಿ ಮುಂದಕ್ಕೆ ತಿರುಗಿದ್ದು ಆಮೇಲೆ.

ಧ್ವನಿಮುದ್ರಣದ ಆರಂಭಿಕ ಯಂತ್ರಗಳಿಗೆ ತಂತಿಯ ಬಾಸ್ ಕೇಳಿಸುತ್ತಿರಲಿಲ್ಲ, ಅದಕ್ಕಾಗಿ ಟ್ಯೂಬಾ ಬಂತು ಎಂಬ ಮಾತು ಬಹಳ ಪ್ರಚಲಿತ. ಅದು ಅರ್ಧ ಸತ್ಯ. ನ್ಯೂ ಆರ್ಲಿಯನ್ಸ್‌ನ ನೃತ್ಯದ ಬ್ಯಾಂಡುಗಳಲ್ಲಿ ತಂತಿಯ ಬಾಸ್ ಮೊದಲಿನಿಂದಲೂ ಇತ್ತು. ಜಾಝ್‌ನ ಮೊದಲಿಗರಲ್ಲೊಬ್ಬನಾದ ಬಡ್ಡಿ ಬೋಲ್ಡನ್‌ನ ಬ್ಯಾಂಡಿನದೆಂದು ಉಳಿದಿರುವ ಏಕೈಕ ಛಾಯಾಚಿತ್ರದಲ್ಲೂ ಒಬ್ಬ ಅದನ್ನು ಹಿಡಿದು ನಿಂತಿದ್ದಾನೆ. ಮೈಕು ಇಲ್ಲದ ದೊಡ್ಡ ನೃತ್ಯಶಾಲೆಗಳು ಹೆಚ್ಚಾದಾಗ ಸದ್ದಿನ ಬಲಕ್ಕಾಗಿ ಟ್ಯೂಬಾ ಒಳಕ್ಕೂ ಬಂದಿತು, ಯಂತ್ರವೂ ಅದಕ್ಕೆ ಅನುಕೂಲ ಮಾಡಿಕೊಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ ಅಂದಿನ ಲಯ ಅದಕ್ಕೆ ಒಪ್ಪಿತು. ನಾಲ್ಕು ಎಣಿಕೆಗಳ ಆವರ್ತದಲ್ಲಿ ಬಾಸ್ ನುಡಿಯುತ್ತಿದ್ದುದು ಒಂದನೆಯ ಮತ್ತು ಮೂರನೆಯ ಎಣಿಕೆಗಳಲ್ಲಿ, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಬ್ಯಾಂಜೊ ಉತ್ತರ ಕೊಡುತ್ತಿತ್ತು. ಆ ಖಾಲಿ ಎಣಿಕೆಗಳೇ ಟ್ಯೂಬಾದ ಉಸಿರು. 1927ರ ಮೇ ತಿಂಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಷಿಕಾಗೋದಲ್ಲಿ ತನ್ನ 'ಹಾಟ್ ಫೈವ್'ಗೆ ಪೀಟ್ ಬ್ರಿಗ್ಸ್‌ನ ಟ್ಯೂಬಾವನ್ನೂ ಬೇಬಿ ಡಾಡ್ಸ್‌ನ ಡ್ರಮ್ಮನ್ನೂ ಸೇರಿಸಿ 'ಹಾಟ್ ಸೆವೆನ್' ಮಾಡಿದಾಗ, ಸಂಗೀತದ ಕಾಲ ಕೆಳಗೆ ನೆಲ ಬಂದಂತಾಯಿತು. ಕ್ಲಾರೆನ್ಸ್ ವಿಲಿಯಮ್ಸ್‌ನ ಮುದ್ರಿಕೆಗಳಲ್ಲಿ ಸೈರಸ್ ಸೇಂಟ್ ಕ್ಲೇರ್, ಜೆಲ್ಲಿ ರೋಲ್ ಮಾರ್ಟನ್‌ನ 1928ರ ಮುದ್ರಿಕೆಗಳಲ್ಲಿ ಬಿಲ್ ಬೆನ್‌ಫರ್ಡ್ ಇದೇ ಕೆಲಸವನ್ನು ಎಷ್ಟು ಲವಲವಿಕೆಯಿಂದ ಮಾಡಿದ್ದಾರೆಂದರೆ, ಟ್ಯೂಬಾ ಎಂದರೆ ಕುಂಟುನಡೆ ಎಂಬ ಆಮೇಲಿನ ಕಾಲದ ತಾತ್ಸಾರ ಅನ್ಯಾಯವೆನ್ನಿಸುತ್ತದೆ.

ಲಯ ಬದಲಾದಾಗ ಕಷ್ಟ ಶುರುವಾಯಿತು. 1920ರ ದಶಕ ಮುಗಿಯುವ ಹೊತ್ತಿಗೆ ನಾಲ್ಕೂ ಎಣಿಕೆಗಳಲ್ಲಿ ಸಮನಾಗಿ ಹೆಜ್ಜೆಯಿಡುವ ವಾಕಿಂಗ್ ಬಾಸ್ ಬೇರೂರತೊಡಗಿತು, ಆ ಸಾಲಿನಲ್ಲಿ ಬಿಡುವೆಂಬುದೇ ಇಲ್ಲ. ವಿದ್ಯುತ್ ಧ್ವನಿಮುದ್ರಣ 1925ರಿಂದ ರೂಢಿಗೆ ಬಂದಿದ್ದರಿಂದ ತಂತಿಯ ಬಾಸ್ ತಟ್ಟೆಯಲ್ಲೂ ಕೇಳಿಸತೊಡಗಿತ್ತು. ಎರಡೂ ವಾದ್ಯ ಬಲ್ಲವರು ಮೆಲ್ಲಗೆ ಕೈಬದಲಾಯಿಸಿದರು. ಫ್ಲೆಚರ್ ಹೆಂಡರ್ಸನ್‌ನ ಬ್ಯಾಂಡಿಗೆ ಟ್ಯೂಬಾ ಹಿಡಿದು ಬಂದ ಜಾನ್ ಕರ್ಬಿ ಡಬಲ್ ಬಾಸ್‌ನಲ್ಲಿ ಹೆಸರಾದ; ಬ್ಲೂ ಡೆವಿಲ್ಸ್‌ನಲ್ಲಿ ಟ್ಯೂಬಾವನ್ನೂ ನುಡಿಸುತ್ತಿದ್ದ ವಾಲ್ಟರ್ ಪೇಜ್ ಮುಂದೆ ಕೌಂಟ್ ಬೇಸಿಯ ಬ್ಯಾಂಡಿನಲ್ಲಿ ವಾಕಿಂಗ್ ಬಾಸ್‌ನ ಮಾದರಿಯೇ ಆದ.

ಟ್ಯೂಬಾ ಮರಳಿ ಬಂದದ್ದು ಬಾಸ್‌ನ ಕೆಲಸಕ್ಕಲ್ಲ. ಕ್ಲಾಡ್ ಥಾರ್ನ್‌ಹಿಲ್‌ನ ಆರ್ಕೆಸ್ಟ್ರಾದಲ್ಲಿ ಸಂಗೀತವನ್ನು ವಾದ್ಯಗಳಿಗೆ ಹೊಂದಿಸಿಕೊಡುತ್ತಿದ್ದ ಗಿಲ್ ಎವಾನ್ಸ್ ಫ್ರೆಂಚ್ ಹಾರ್ನ್ ಮತ್ತು ಟ್ಯೂಬಾಗಳನ್ನು ಬಣ್ಣಕ್ಕಾಗಿ ಬಳಸುತ್ತಿದ್ದ; 1947ರಲ್ಲಿ ಅಲ್ಲಿಗೆ ಬಂದ ಟ್ಯೂಬಾ ವಾದಕ ಬಿಲ್ ಬಾರ್ಬರ್, ಜೂಲಿಯಾರ್ಡ್‌ನಲ್ಲಿ ಕಲಿತವನು. ಮರುವರ್ಷ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ರಾಯಲ್ ರೂಸ್ಟ್‌ನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಒಂಬತ್ತು ಮಂದಿಯ ತಂಡ ಕಟ್ಟಿ ನುಡಿಸಿದಾಗ ಬಾರ್ಬರ್ ಅದರಲ್ಲಿದ್ದ. ಈ ತಂಡದಲ್ಲಿ ಡಬಲ್ ಬಾಸ್ ಬೇರೆಯೇ ಇತ್ತು ಎಂಬುದನ್ನು ಗಮನಿಸಬೇಕು. ಹೆಜ್ಜೆ ಎಣಿಸುವ ಹೊಣೆ ಹೋದುದರಿಂದ ಟ್ಯೂಬಾಕ್ಕೆ ಗಾಯಕನಂತೆ ಸಾಲಿನ ಕೊನೆಯಲ್ಲಿ ಉಸಿರೆಳೆಯುವ ಸ್ವಾತಂತ್ರ್ಯ ದಕ್ಕಿತು. 1949 ಮತ್ತು 1950ರಲ್ಲಿ ಮೂರು ಬೈಠಕ್ಕುಗಳಲ್ಲಿ ಮುದ್ರಿತವಾಗಿ, 1957ರಲ್ಲಿ 'ಬರ್ತ್ ಆಫ್ ದ ಕೂಲ್' ಎಂಬ ಹೆಸರಿನಲ್ಲಿ ಒಟ್ಟಾಗಿ ಹೊರಬಂದ ಈ ಸಂಗೀತದಲ್ಲಿ ಎವಾನ್ಸ್ ಹೊಂದಿಸಿದ 'ಮೂನ್ ಡ್ರೀಮ್ಸ್' ಕೇಳಿ. ಅದರ ಕೊನೆಯ ಭಾಗದಲ್ಲಿ ಸ್ವರಗಳು ಒಂದೊಂದಾಗಿ ಜಾಗ ಬದಲಿಸುತ್ತ ತೇಲುವಾಗ, ಯಾವುದು ಟ್ಯೂಬಾ, ಯಾವುದು ಬ್ಯಾರಿಟೋನ್ ಸ್ಯಾಕ್ಸ್, ಯಾವುದು ಹಾರ್ನ್ ಎಂದು ಬೇರ್ಪಡಿಸುವುದು ಮೊದಲ ಕೇಳ್ಮೆಗೆ ಸಾಧ್ಯವೇ ಆಗದು. ಹಾಗೆ ಬೆರೆತುಹೋಗುವಂತೆ ನುಡಿಸುವುದೇ ಬಾರ್ಬರ್‌ನ ಹೆಚ್ಚುಗಾರಿಕೆ. ಅಬ್ಬರಿಸಬಲ್ಲ ವಾದ್ಯವನ್ನು ಪಿಸುಮಾತಿಗೆ ಇಳಿಸಿ, ಅಲ್ಲಿಯೂ ಶ್ರುತಿ ಜಾರದಂತೆ ಹಿಡಿದ ಈತ ನನ್ನ ಮೆಚ್ಚಿನ ಟ್ಯೂಬಾ ವಾದಕರಲ್ಲಿ ಮೊದಲಿಗ. ಡೇವಿಸ್ ಮತ್ತು ಎವಾನ್ಸ್ ಜೋಡಿಯ ಮುಂದಿನ ದೊಡ್ಡ ಕೃತಿಗಳಲ್ಲೂ, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 1961ರ 'ಆಫ್ರಿಕಾ/ಬ್ರಾಸ್'ನಲ್ಲೂ ಅವನಿದ್ದಾನೆ. ಇಷ್ಟಾಗಿ ಹೊಟ್ಟೆಪಾಡಿಗೆ ಲಾಂಗ್ ಐಲೆಂಡಿನ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಿದ. 2007ರಲ್ಲಿ ತೀರಿಕೊಂಡ.

ತಂಡದ ಬಣ್ಣವಾಗಿ ಗೆದ್ದ ವಾದ್ಯಕ್ಕೆ ಏಕವಾದನ ಸಾಧ್ಯವೇ? ಲಾಸ್ ಏಂಜಲೀಸಿನ ರೆಡ್ ಕ್ಯಾಲೆಂಡರ್ 1950ರ ದಶಕದ ನಡುವಿನಲ್ಲೇ ಟ್ಯೂಬಾವನ್ನು ಮುಂದಿನ ಸಾಲಿಗೆ ತಂದು ಮುದ್ರಿಸಿದ್ದ. ರೇ ಡ್ರೇಪರ್ ಇನ್ನೂ ಎಳೆಯ. 1940ರಲ್ಲಿ ಹುಟ್ಟಿದ ಈತ 1957ರ ಮಾರ್ಚಿನಲ್ಲಿ, ಹದಿನಾರರ ವಯಸ್ಸಿನಲ್ಲಿ, 'ಟ್ಯೂಬಾ ಸೌಂಡ್ಸ್' ಮುದ್ರಿಸಿದ. ಅದೇ ಡಿಸೆಂಬರಿನಲ್ಲಿ ಅವನ ತಂಡದಲ್ಲಿ ಜೊತೆಗೆ ನಿಂತು ನುಡಿಸಿದವನು ಕೋಲ್ಟ್ರೇನ್. ಈ ಮುದ್ರಿಕೆಗಳನ್ನು ಹೊಗಳಿ ಬರೆಯುವವರಿದ್ದಾರೆ. ನನಗೆ ಅವು ಧೈರ್ಯದ ದಾಖಲೆಗಳಾಗಿ ಹೆಚ್ಚು ಮುಖ್ಯ. ಕೋಲ್ಟ್ರೇನ್‌ನ ಸ್ವರಗಳ ಮಳೆ ನಿಂತು ಟ್ಯೂಬಾದ ಸರದಿ ಬಂದಾಗ, ಮೇಲೆ ಹೇಳಿದ 32 ಮಿಲಿಸೆಕೆಂಡಿನ ಲೆಕ್ಕ ಕಿವಿಗೇ ತಿಳಿಯುತ್ತದೆ, ಪದಗುಚ್ಛಗಳು ತುಂಡುತುಂಡಾಗುತ್ತವೆ. ಡ್ರಮ್ ವಾದಕ ಮ್ಯಾಕ್ಸ್ ರೋಚ್‌ನ ಪಿಯಾನೊ ಇಲ್ಲದ 1958ರ ತಂಡದಲ್ಲಿ, ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸ್‌ಗಳ ಕೆಳಗೆ ಸಮ್ಮೇಳದ ಸ್ವರ ಹಿಡಿಯುವ ಡ್ರೇಪರ್ ಹೆಚ್ಚು ನೆಮ್ಮದಿಯಲ್ಲಿದ್ದಾನೆ. ಇದಕ್ಕೆ ತದ್ವಿರುದ್ಧ ಡಾನ್ ಬಟರ್‌ಫೀಲ್ಡ್. ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್‌ನ 1963ರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'ಯಲ್ಲಿ ಅವನ ಟ್ಯೂಬಾ ಗುರುಗುಟ್ಟುತ್ತದೆ, ಸದ್ದಿನ ಒರಟುತನವೇ ಅಲ್ಲಿ ಅಭಿವ್ಯಕ್ತಿ.

ಏಕವಾದನದ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟವನು ಹೋವರ್ಡ್ ಜಾನ್ಸನ್. 1941ರಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಹುಟ್ಟಿ ಓಹಾಯೋದ ಮ್ಯಾಸಿಲಾನ್‌ನಲ್ಲಿ ಬೆಳೆದ ಈತನಿಗೆ ಟ್ಯೂಬಾದ ಗುರುಗಳಿರಲಿಲ್ಲ. ಶಾಲೆಯ ಬ್ಯಾಂಡಿನಲ್ಲಿ ಇತರರ ಬೆರಳುಗಳನ್ನು ನೋಡಿ ಕಲಿತ. ಹೀಗೆ ಕಲಿತವನಿಗೆ ಟ್ಯೂಬಾ ಇಷ್ಟೇ ಮೇಲೆ ಹೋಗಬಲ್ಲದು ಎಂದು ಹೇಳುವವರೂ ಇರಲಿಲ್ಲವೆಂದು ಕಾಣುತ್ತದೆ: ಟ್ರಂಬೋನಿನ ವಲಯವನ್ನೂ ದಾಟುವ ತಾರಸ್ವರಗಳು ಅವನಿಗೆ ಸಹಜವಾಗಿದ್ದವು. ಮೇಲಿನ ಸ್ವರಗಳಿಗೆ ಗಾಳಿ ಕಡಿಮೆ ಸಾಕು. ಆದ್ದರಿಂದ ವಾದ್ಯದ ಮೇಲ್ಭಾಗಕ್ಕೆ ಏರಿದಷ್ಟೂ ಮನೋಧರ್ಮಕ್ಕೆ ಎಡೆ ದೊರೆಯುತ್ತದೆ. 1964ರಲ್ಲಿ ಮಿಂಗಸ್ ಜೊತೆ ಸೇರಿದ ಜಾನ್ಸನ್ ಆಮೇಲೆ ಗಿಲ್ ಎವಾನ್ಸ್‌ನ ಆರ್ಕೆಸ್ಟ್ರಾದಲ್ಲಿ ದೀರ್ಘಕಾಲ ನುಡಿಸಿದ. ಇದರ ನಡುವೆ, 1960ರ ದಶಕದ ಕೊನೆಯಲ್ಲಿ ಅವನು ಬರೀ ಟ್ಯೂಬಾಗಳದೇ ಒಂದು ತಂಡ ಕಟ್ಟಿದ. ಗಾಯಕ ತಾಜ್ ಮಹಲ್‌ನ 1971ರ 'ದ ರಿಯಲ್ ಥಿಂಗ್' ಆಲ್ಬಮ್ಮಿನಲ್ಲಿ ಬ್ಲೂಸ್ ಹಾಡಿನ ಹಿಂದೆ ನಾಲ್ಕು ಟ್ಯೂಬಾಗಳು ಕೇಳಿಸುವುದು ಈ ತಂಡದ ಗೆಳೆತನದಿಂದಲೇ. ಜಾನ್ಸನ್ ಜೊತೆ ಬಾಬ್ ಸ್ಟೀವರ್ಟ್, ಜೋಸೆಫ್ ಡೇಲಿ, ಅರ್ಲ್ ಮೆಕಿಂಟೈರ್ ಅಲ್ಲಿದ್ದಾರೆ. ಆರು ಟ್ಯೂಬಾಗಳ 'ಗ್ರಾವಿಟಿ' ಎಂಬ ತಂಡದ ಹೆಸರಿನಲ್ಲೇ ಆಲ್ಬಮ್ ಬರಲು 1996ರವರೆಗೆ ಕಾಯಬೇಕಾಯಿತು. ಯಾವ ಕಂಪನಿಯಾದರೂ ಇಷ್ಟು ತಡಮಾಡಿದ್ದಕ್ಕೆ ನಾಚಬೇಕು. ಜಾನ್ಸನ್ 2021ರ ಜನವರಿಯಲ್ಲಿ ತೀರಿಕೊಂಡ.

ಟ್ಯೂಬಾವನ್ನು ಮತ್ತೆ ಬಾಸ್‌ನ ಪೀಠದಲ್ಲಿ ಕೂರಿಸಿದವನು ಬಾಬ್ ಸ್ಟೀವರ್ಟ್. ಆಲ್ಟೊ ಸ್ಯಾಕ್ಸ್ ವಾದಕ ಆರ್ಥರ್ ಬ್ಲೈಥ್‌ನ 1979ರ 'ಲೆನಾಕ್ಸ್ ಅವೆನ್ಯೂ ಬ್ರೇಕ್‌ಡೌನ್'ನಲ್ಲಿ ಅವನ ಟ್ಯೂಬಾ ಡಬಲ್ ಬಾಸ್‌ನ ಜೊತೆಗಿದೆ. ಮುಂದಿನ ವರ್ಷದ 'ಇಲ್ಯೂಷನ್ಸ್'ನ ಕೆಲವು ಹಾಡುಗಳಲ್ಲಿ ಡಬಲ್ ಬಾಸ್ ಇಲ್ಲ, ಚೆಲ್ಲೊ, ಗಿಟಾರ್ ಮತ್ತು ಡ್ರಮ್ಮುಗಳ ನಡುವೆ ಮಂದ್ರವನ್ನು ಟ್ಯೂಬಾವೇ ಹೊತ್ತಿದೆ. ಇಲ್ಲಿ ಸ್ಟೀವರ್ಟ್ ನಾಲ್ಕು ಎಣಿಕೆಯ ನಡಿಗೆಗೆ ಅಂಟಿಕೊಳ್ಳುವುದಿಲ್ಲ. ಎರಡು ಆವರ್ತಗಳ ಒಂದು ಗಿಡ್ಡ ಸಾಲನ್ನು ಹಿಡಿದು, ಅದರ ನಡುವೆ ಬಿಡುವುಗಳನ್ನು ಹೆಣೆದು, ಆ ಬಿಡುವುಗಳನ್ನೇ ಲಯದ ಭಾಗ ಮಾಡುತ್ತಾನೆ. ಉಸಿರೆಳೆದದ್ದು ಕೇಳುಗನಿಗೆ ಕೊರತೆಯಾಗಿ ಅಲ್ಲ, ಒತ್ತಾಗಿ ತಾಗುತ್ತದೆ.

ಅದೇ ಕಾಲಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲೂ ಇದೇ ಪರಿಹಾರ ಬೇರೊಂದು ದಾರಿಯಿಂದ ಸಿದ್ಧವಾಗುತ್ತಿತ್ತು. 1977ರಲ್ಲಿ ಶುರುವಾದ ಡರ್ಟಿ ಡಜನ್ ಬ್ರಾಸ್ ಬ್ಯಾಂಡಿನ ಕರ್ಕ್ ಜೋಸೆಫ್ ಸೂಸಾಫೋನಿನಲ್ಲಿ ಫಂಕ್ ಸಂಗೀತದ ಬಾಸ್ ಗಿಟಾರಿನಂಥ ಸಾಲುಗಳನ್ನು ನುಡಿಸಿದ. 1983ರಲ್ಲಿ ಹುಟ್ಟಿದ ರಿಬರ್ತ್ ಬ್ರಾಸ್ ಬ್ಯಾಂಡಿನಲ್ಲಿ ಫಿಲ್ ಫ್ರೇಜರ್‌ನ ಸಾಲಿನಿಂದಲೇ ಹಾಡು ಹೊರಡುತ್ತದೆ, ಉಳಿದವರು ಅದರ ಮೇಲೆ ಏರಿಕೊಳ್ಳುತ್ತಾರೆ. 'ಟ್ಯೂಬಾ ಫ್ಯಾಟ್ಸ್' ಎಂದೇ ಊರಿಗೆ ಗೊತ್ತಿದ್ದ ಆಂಥನಿ ಲೇಸನ್ 2004ರಲ್ಲಿ ಸಾಯುವವರೆಗೆ ಜಾಕ್ಸನ್ ಚೌಕದಲ್ಲಿ ನುಡಿಸುತ್ತಿದ್ದ. ಈ ಬೀದಿಯ ವಾದಕರು ಬಹಳ ಮೆಚ್ಚುವ ವಾದ್ಯ ಕಾನ್ ಕಂಪನಿಯ 20ಕೆ ಸೂಸಾಫೋನ್. ಅದರ ಬಾಯಿಯ ಅಗಲ 26 ಅಂಗುಲ, ವಾಲ್ವುಗಳು ಮೂರೇ. ಪಿಸ್ಟನ್ ಒತ್ತಬೇಕಾದ ದೂರ ಕಡಿಮೆಯಿರುವಂತೆ ಮಾಡಿರುವುದರಿಂದ ಬೆರಳು ಚುರುಕಾಗಿ ಓಡುತ್ತದೆ, ತೂಕ ಮಾತ್ರ ಹೆಗಲನ್ನು ಕೇಳಿಯೇ ತಿಳಿಯಬೇಕು. ನಾಲ್ಕನೆಯ ವಾಲ್ವ್ ಇಲ್ಲದ ಇಂಥ ವಾದ್ಯದಲ್ಲಿ ಮೇಲೆ ಲೆಕ್ಕ ಹಾಕಿದ ಆ 13 ಸೆಂಟಿಮೀಟರನ್ನು ತುಟಿಯೇ ತುಂಬಿಕೊಡಬೇಕು. ಆ ಜಾರುವಿಕೆ ಈಗ ಬೀದಿಯ ನಾದದ ಗುರುತಾಗಿಬಿಟ್ಟಿದೆ.

ಇತ್ತೀಚಿನವರಲ್ಲಿ ಇನ್ನೂ ಮೂರು ಪರಿಹಾರಗಳು ಕೇಳಸಿಗುತ್ತವೆ. ಸಂಯೋಜಕ ಹೆನ್ರಿ ಥ್ರೆಡ್‌ಗಿಲ್ 1990ರ ದಶಕದ 'ವೆರಿ ವೆರಿ ಸರ್ಕಸ್' ತಂಡದಲ್ಲಿ ಮಾರ್ಕಸ್ ರೋಹಾಸ್ ಮತ್ತು ಎಡ್ವಿನ್ ರಾಡ್ರಿಗಸ್ ಎಂಬ ಇಬ್ಬರು ಟ್ಯೂಬಾ ವಾದಕರನ್ನು ಇಟ್ಟುಕೊಂಡ. ಒಬ್ಬರ ಸಾಲು ಮುಗಿಯುವಲ್ಲಿ ಇನ್ನೊಬ್ಬರದು ಹುಟ್ಟುವುದರಿಂದ ಮಂದ್ರ ಬತ್ತುವುದೇ ಇಲ್ಲ. ಫ್ರಾನ್ಸಿನ ಮಿಷೆಲ್ ಗೊಡಾರ್ ಟ್ಯೂಬಾದ ಪೂರ್ವಜವಾದ ಸರ್ಪೆಂಟನ್ನೇ ಮತ್ತೆ ಕೈಗೆತ್ತಿಕೊಂಡಿದ್ದಾನೆ. ಊದುತ್ತಲೇ ಗಂಟಲಿನಲ್ಲಿ ಬೇರೊಂದು ಸ್ವರ ಹಾಡಿ, ಎರಡೂ ಕೂಡಿದಾಗ ಹುಟ್ಟುವ ಮೂರನೆಯ ನಾದವನ್ನು ಕೇಳಿಸುವ ವಿದ್ಯೆಯೂ ಅವನಲ್ಲಿದೆ. ಲಂಡನ್ನಿನ 'ಸನ್ಸ್ ಆಫ್ ಕೆಮೆಟ್' ತಂಡದಲ್ಲಿ ಒಂದು ಸ್ಯಾಕ್ಸೊಫೋನ್, ಒಂದು ಟ್ಯೂಬಾ, ಇಬ್ಬರು ಡ್ರಮ್ಮರುಗಳು, ಇದ್ದದ್ದು ಅಷ್ಟೇ. ಅಲ್ಲಿ ಓರೆನ್ ಮಾರ್ಷಲ್‌ನ ನಂತರ ಬಂದ ಥಿಯಾನ್ ಕ್ರಾಸ್ ಕೆರಿಬಿಯನ್ ಲಯಗಳನ್ನು ಗಿಡ್ಡ, ಗಟ್ಟಿ ಹೊಡೆತಗಳಲ್ಲಿ ನುಡಿಸುತ್ತಿದ್ದ. ಇಬ್ಬರು ಡ್ರಮ್ಮರುಗಳು ಬಿಡುವನ್ನು ತುಂಬುತ್ತಿದ್ದುದರಿಂದ ಅವನು ಎಲ್ಲಿ ಉಸಿರೆಳೆದ ಎಂಬುದು ಪತ್ತೆಯಾಗುವುದು ಕಷ್ಟವಾಗಿತ್ತು. 2019ರ 'ಫಾಯಾ' ಅವನ ಸ್ವಂತ ಆಲ್ಬಮ್. ಮೈಕಿನ ಹತ್ತಿರ ಮೆಲ್ಲಗೆ ಊದಿದ ಸ್ವರವೂ ಧ್ವನಿವರ್ಧಕದಲ್ಲಿ ದೊಡ್ಡದಾಗುವುದರಿಂದ ಒಂದೇ ಉಸಿರಿನಲ್ಲಿ ಈಗ ಹೆಚ್ಚು ಉದ್ದದ ಸಾಲು ಹಿಡಿಸುತ್ತದೆ, ಹಳೆಯ ಬೀದಿಯ ವಾದಕರಿಗೆ ಆ ಅನುಕೂಲ ಇರಲಿಲ್ಲ.